ಅನಿಲದ ಬೆಳಕು, ಸಣ್ಣ ಕಪ್ಪುಕುಳಿಯ ತೂಕ
(ಜವಳಗೇರಾದಲ್ಲಿ ಓದಿದ ದತ್ತಿ ಉಪನ್ಯಾಸದ ಪಠ್ಯ)



ಕಪ್ಪುಕುಳಿಯಿಂದ ಬೆಳಕು ಹೊರಬರುವುದಿಲ್ಲ ಎಂಬುದು ಈಗ ಹೈಸ್ಕೂಲು ಮಕ್ಕಳಿಗೂ ಗೊತ್ತಿರುವ ಮಾತು. ಹಾಗಿದ್ದೂ ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ನಡುಮಧ್ಯೆ ಇಂತಿಷ್ಟು ತೂಕದ ಕಪ್ಪುಕುಳಿ ಇದೆ ಎಂದು ಖಗೋಳ ವಿಜ್ಞಾನಿಗಳು ಅಂಕಿ ಸಮೇತ ಹೇಳುತ್ತಾರೆ. ಆ ಅಂಕಿ ಬರುವುದು ಕಪ್ಪುಕುಳಿಯಿಂದಲ್ಲ, ಅದರ ಸುತ್ತ ಸುತ್ತುವ ಬಿಸಿ ಅನಿಲ ಸೂಸುವ ಬೆಳಕಿನಿಂದ. ಸಾಕ್ಷಿ ಹೇಳುವುದು ಅನಿಲ. ಆ ಸಾಕ್ಷಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಇಂದಿನ ನನ್ನ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಿರಿದಾದ ಉತ್ಸರ್ಜನ ರೇಖೆಗಳನ್ನು, ಅಂದರೆ ಹೊಳೆಯುವ ಗೆರೆಗಳನ್ನು, ತೋರುವ, ನಡುಭಾಗ ಪ್ರಖರವಾಗಿ ಬೆಳಗುವ ಸಕ್ರಿಯ ಗೆಲಾಕ್ಸಿಗಳಲ್ಲಿ ಬಹುಪಾಲಿನ ಒಡಲಲ್ಲಿ ಇರುವುದು ಸಣ್ಣ ಕಪ್ಪುಕುಳಿಗಳೇ. ಒಂದೊಂದು ಗೆಲಾಕ್ಸಿಯ ಅಂಕಿಯಲ್ಲಿ ಹಲವು ಪಟ್ಟು ತಪ್ಪು ಇರಬಹುದು, ಆದರೆ ಗುಂಪಿನ ಬಗ್ಗೆ ಅನಿಲ ಹೇಳುವ ಸಾಕ್ಷಿ ನಿಲ್ಲುತ್ತದೆ. ಇದನ್ನು ಒಪ್ಪದವರ ವಾದಗಳು ಬಲವಾಗಿವೆ. ಅವುಗಳನ್ನು ಬದಿಗಿಟ್ಟು ಮುಂದೆ ಹೋಗುವುದು ಸರಿಯಲ್ಲ.

ಸಣ್ಣದು ಎಂದರೆ ಎಷ್ಟು ಸಣ್ಣದು? 2019ರಲ್ಲಿ ಜಗತ್ತೇ ಚಿತ್ರ ನೋಡಿದ ಎಂ 87ರ ಕಪ್ಪುಕುಳಿ ಸೂರ್ಯನ ಸುಮಾರು 650 ಕೋಟಿ ಪಟ್ಟು ತೂಗುತ್ತದೆ. ನಮ್ಮ ಆಕಾಶಗಂಗೆಯ ನಡುವಿನದು ಸುಮಾರು 43 ಲಕ್ಷ ಪಟ್ಟು. ಅದರ ಸುತ್ತಲಿನ ನಕ್ಷತ್ರಗಳ ಓಟವನ್ನು ದಶಕಗಳ ಕಾಲ ಅಳೆದು ತೂಕ ಕಂಡುಹಿಡಿದ ಗೆಂಜೆಲ್ ಮತ್ತು ಘೆಜ್ ಅವರಿಗೆ 2020ರ ನೊಬೆಲ್ ಬಂತು. ನಾನು ಮಾತನಾಡುತ್ತಿರುವ ಗೆಲಾಕ್ಸಿಗಳ ಕಪ್ಪುಕುಳಿಗಳು ಹೆಚ್ಚಾಗಿ ಹತ್ತು ಲಕ್ಷದಿಂದ ಕೆಲವು ಕೋಟಿ ಸೂರ್ಯರ ತೂಕದವು. ಕೆಲವೇ ಕೆಲವು ಒಂದು ಲಕ್ಷಕ್ಕೂ ಕೆಳಗಿಳಿಯುತ್ತವೆ. ಎಂ 87ರ ಪಕ್ಕದಲ್ಲಿ ಇವು ಲೆಕ್ಕಕ್ಕೇ ಬರುವಂಥವಲ್ಲ, ಆದರೂ ಇವುಗಳ ಸುತ್ತಲಿನ ಅನಿಲ ಇಡೀ ಗೆಲಾಕ್ಸಿಯ ನಕ್ಷತ್ರಗಳಿಗೆ ಸಾಟಿಯಾಗುವಷ್ಟು ಬೆಳಗಬಲ್ಲದು.

ಕಾರ್ಲ್ ಸೇಫರ್ಟ್ 1943ರಲ್ಲಿ ಕೆಲವು ಸುರುಳಿ ಗೆಲಾಕ್ಸಿಗಳ ಪ್ರಖರವಾದ ನಡುಭಾಗವನ್ನು ಅಭ್ಯಾಸ ಮಾಡಿ, ಅವುಗಳ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ಅಗಲವಾದ ಹೊಳೆಯುವ ಗೆರೆಗಳನ್ನು ವಿವರಿಸಿದರು. ಅಂದಿನಿಂದ ಅವು ಸೇಫರ್ಟ್ ಗೆಲಾಕ್ಸಿಗಳೆಂದೇ ಹೆಸರಾದವು. ನಮ್ಮ ಕಡೆಗೆ ಬರುತ್ತಿರುವ ಅನಿಲದ ಗೆರೆ ನೀಲಿಯತ್ತ ಸರಿಯುತ್ತದೆ, ದೂರ ಓಡುತ್ತಿರುವ ಅನಿಲದ ಗೆರೆ ಕೆಂಪಿನತ್ತ. ಎಲ್ಲ ವೇಗಗಳೂ ಕೂಡಿದಾಗ ಒಂದೇ ಗೆರೆ ಅಗಲವಾಗಿ ಹರಡಿಕೊಳ್ಳುತ್ತದೆ, ಆ ಅಗಲವೇ ವೇಗದ ಅಳತೆ. 1985ರಲ್ಲಿ ಆಸ್ಟರ್‌ಬ್ರಾಕ್ ಮತ್ತು ಪೊಗ್ ಎಂಬ ಇಬ್ಬರು ಇಂಥ ಗೆಲಾಕ್ಸಿಗಳಲ್ಲಿ ಒಂದು ವಿಚಿತ್ರ ಗುಂಪನ್ನು ಬೇರ್ಪಡಿಸಿದರು. ಉಳಿದೆಲ್ಲ ಲಕ್ಷಣದಲ್ಲೂ ಅಗಲ ಗೆರೆಯ ಮೊದಲ ಬಗೆಯ ಸೇಫರ್ಟ್‌ಗಳಂತೆ ಕಂಡರೂ ಇವುಗಳ ಹೈಡ್ರೋಜನ್ ಗೆರೆ ಕಿರಿದಾಗಿತ್ತು, ಅದಕ್ಕೇ ಇವು ಕಿರಿಗೆರೆ ಸೇಫರ್ಟ್‌ಗಳು. ಸೆಕೆಂಡಿಗೆ 2,000 ಕಿಲೋಮೀಟರಿಗಿಂತ ಕಡಿಮೆ ಎಂಬ ಗಡಿ ಆಮೇಲೆ ರೂಢಿಗೆ ಬಂತು. ಹೈಡ್ರೋಜನ್ ಬೀಟಾ ಗೆರೆ ಬೀಳುವುದು 486 ನ್ಯಾನೋಮೀಟರಿನ ಬಳಿ. ಆ ವೇಗಕ್ಕೆ ಅದು ಹರಡಿಕೊಳ್ಳುವುದು ಮೂರು ನ್ಯಾನೋಮೀಟರಿಗಿಂತ ತುಸು ಹೆಚ್ಚು. ಇಷ್ಟು ಚಿಕ್ಕ ವ್ಯತ್ಯಾಸದ ಮೇಲೆ ಇಡೀ ವಾದ ನಿಂತಿದೆ.

ಅನಿಲದ ವೇಗ ಒಂದೇ ಸಾಲದು, ಅದು ಎಷ್ಟು ದೂರದಲ್ಲಿ ಸುತ್ತುತ್ತಿದೆ ಎಂಬುದೂ ಗೊತ್ತಾಗಬೇಕು. ಆ ದೂರ ಯಾವ ಒಂಟಿ ದೂರದರ್ಶಕಕ್ಕೂ ಬಿಡಿಯಾಗಿ ಕಾಣಿಸದಷ್ಟು ಚಿಕ್ಕದು. ಬ್ಲಾಂಡ್‌ಫರ್ಡ್ ಮತ್ತು ಮೆಕ್‌ಕೀ 1982ರಲ್ಲಿ ಇದಕ್ಕೆ ಒಂದು ದಾರಿ ತೋರಿಸಿದರು. ಕಪ್ಪುಕುಳಿಗೆ ಅಂಟಿದಂತಿರುವ ಅನಿಲದ ತಟ್ಟೆಯ ಬೆಳಕು ಸ್ಥಿರವಲ್ಲ, ಏರುತ್ತದೆ, ಇಳಿಯುತ್ತದೆ. ಆ ಏರಿಳಿತ ಹೊರಗಿನ ಅನಿಲವನ್ನು ತಲುಪಿದ ಮೇಲೆಯೇ ಅಲ್ಲಿನ ಗೆರೆ ಹೆಚ್ಚು ಬೆಳಗುವುದು. ಎರಡರ ನಡುವಿನ ವಿಳಂಬವನ್ನು ಗಡಿಯಾರ ಹಿಡಿದು ಅಳೆದರೆ, ಅದನ್ನು ಬೆಳಕಿನ ವೇಗದಿಂದ ಗುಣಿಸಿದರೆ, ದೂರ ಸಿಕ್ಕಿತು. ಇದಕ್ಕೆ ಮಾರ್ದನಿ ಮಾಪನ ಎನ್ನೋಣ.

ಒಂದು ಲೆಕ್ಕವನ್ನು ಇಲ್ಲಿಯೇ ಬಿಡಿಸಿ ತೋರಿಸುತ್ತೇನೆ, ಏಕೆಂದರೆ ಇದು ಪಿಯುಸಿ ಭೌತಶಾಸ್ತ್ರ ಮೀರಿದ್ದೇನಲ್ಲ. ಏಪ್ರಿಲ್ ನಡುವಿನ ರಾತ್ರಿ ಹನ್ನೊಂದರ ಸುಮಾರಿಗೆ ಜವಳಗೇರಾದಲ್ಲಿ ತಲೆಯೆತ್ತಿದರೆ, ನೆತ್ತಿಯಿಂದ ತುಸು ಉತ್ತರಕ್ಕೆ, ಸಪ್ತರ್ಷಿ ಮಂಡಲದ ಬಾಲದ ಕೆಳಗೆ, ಬೇಟೆನಾಯಿಗಳು ಎಂಬ ಸಣ್ಣ ನಕ್ಷತ್ರಪುಂಜವಿದೆ. ಅದೇ ದಿಕ್ಕಿನಲ್ಲಿ, ಬರಿಗಣ್ಣಿಗೆ ಕಾಣದೆ, ಸುಮಾರು 1.4 ಕೋಟಿ ಜ್ಯೋತಿರ್ವರ್ಷ ಆಚೆ ಎನ್‌ಜಿಸಿ 4395 ಎಂಬ ಗೆಲಾಕ್ಸಿ ಇದೆ. ಅದರ ನಡುವೆ ಸಕ್ರಿಯ ಕೇಂದ್ರವಿದೆಯೆಂದು 1989ರಲ್ಲಿ ಫಿಲಿಪ್ಪೆಂಕೊ ಮತ್ತು ಸಾರ್ಜೆಂಟ್ ತೋರಿಸಿದರು. ಭಾರತದ ವಿಜ್ಞಾನಿಗಳು ಮುಂದಾಳಾಗಿದ್ದ ತಂಡವೊಂದು ನೈನಿತಾಲ್ ಬಳಿಯ ದೇವಸ್ಥಳದ 3.6 ಮೀಟರ್ ದೂರದರ್ಶಕದಿಂದ ಇದನ್ನು ಗಮನಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ವಿಳಂಬ ಸುಮಾರು 125 ನಿಮಿಷ, ಅನಿಲದ ವೇಗದ ಹರವು ಸೆಕೆಂಡಿಗೆ ಸುಮಾರು 545 ಕಿಲೋಮೀಟರ್. ಬೆಳಕು 125 ನಿಮಿಷದಲ್ಲಿ ಸಾಗುವ ದೂರ 225 ಕೋಟಿ ಕಿಲೋಮೀಟರ್, ಅಂದರೆ ಸೂರ್ಯನಿಂದ ಭೂಮಿಗಿರುವ ದೂರದ ಹದಿನೈದು ಪಟ್ಟು. ನಮ್ಮ ಸೌರಮಂಡಲದಲ್ಲಾದರೆ ಶನಿಗೂ ಯುರೇನಸ್‌ಗೂ ನಡುವೆ ಬೀಳುತ್ತದೆ. ವೇಗದ ವರ್ಗವನ್ನು ದೂರದಿಂದ ಗುಣಿಸಿ ಗುರುತ್ವ ನಿಯತಾಂಕದಿಂದ ಭಾಗಿಸಿ. ಬರುವುದು ಸುಮಾರು 5,000 ಸೂರ್ಯರ ತೂಕ. ಅನಿಲದ ಹಂದರ ಯಾವ ಆಕಾರದಲ್ಲಿದೆ, ಯಾವ ಓರೆಯಲ್ಲಿದೆ ಎಂಬುದು ನಮಗೆ ಕಾಣದ ಕಾರಣ, ಇತರ ಗೆಲಾಕ್ಸಿಗಳಲ್ಲಿ ನಕ್ಷತ್ರಗಳ ಚಲನೆಯಿಂದ ಹೊಂದಿಸಿಕೊಂಡ ಸುಮಾರು ನಾಲ್ಕೂವರೆ ಎಂಬ ಗುಣಕವನ್ನು ಸೇರಿಸುತ್ತಾರೆ. ಆಗ ಉತ್ತರ ಸುಮಾರು 22,000 ಸೂರ್ಯರಷ್ಟು. ತಂಡ ಕೊಟ್ಟ ಅಂಕಿಯೂ ಅದೇ. ಆ ನಾಲ್ಕೂವರೆಯನ್ನು ನೆನಪಿನಲ್ಲಿಡಿ, ಜಗಳವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಅನಿಲ ಸುತ್ತುತ್ತಿದೆ ಎಂದು ನಾವು ಸಲೀಸಾಗಿ ಒಪ್ಪಿಕೊಂಡೆವಲ್ಲ, ಅದು ಗಾಳಿಯಂತೆ ಹೊರಗೆ ಬೀಸುತ್ತಿದ್ದರೆ? ಹಾಗಿದ್ದರೆ ವೇಗಕ್ಕೂ ಕಪ್ಪುಕುಳಿಯ ತೂಕಕ್ಕೂ ಸಂಬಂಧವೇ ಇರುವುದಿಲ್ಲ, ಮೇಲಿನ ಲೆಕ್ಕವೆಲ್ಲ ನೀರಿನ ಮೇಲಿನ ಬರಹವಾಗುತ್ತದೆ. ಇದಕ್ಕೆ ಉತ್ತರ ಎನ್‌ಜಿಸಿ 5548 ಎಂಬ ಗೆಲಾಕ್ಸಿಯಲ್ಲಿ ಸಿಕ್ಕಿತು. ಅಲ್ಲಿ ಹೀಲಿಯಂ, ಕಾರ್ಬನ್, ಹೈಡ್ರೋಜನ್ ಹೀಗೆ ಬೇರೆ ಬೇರೆ ಧಾತುಗಳ ಗೆರೆಗಳ ವಿಳಂಬ ಬೇರೆ ಬೇರೆ, ಅಗಲವೂ ಬೇರೆ. 1999ರಲ್ಲಿ ಪೀಟರ್ಸನ್ ಮತ್ತು ವಾಂಡೆಲ್ ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹತ್ತಿರದ ಅನಿಲ ಬೇಗ, ದೂರದ್ದು ನಿಧಾನ, ಅದೂ ಕೆಪ್ಲರನ ನಿಯಮ ಬಯಸುವ ಪ್ರಮಾಣದಲ್ಲೇ ಎಂಬುದು ಕಂಡಿತು. ಒಂದೇ ತೂಕವನ್ನು ಎಲ್ಲ ಗೆರೆಗಳೂ ಹೇಳಿದವು. 2018ರಲ್ಲಿ ಇನ್ನೂ ನೇರವಾದ ಪುರಾವೆ ಬಂತು. ಚಿಲಿಯಲ್ಲಿನ ನಾಲ್ಕು ದೊಡ್ಡ ದೂರದರ್ಶಕಗಳ ಬೆಳಕನ್ನು ಬೆಸೆಯುವ ಗ್ರಾವಿಟಿ ಎಂಬ ಉಪಕರಣ, 3ಸಿ 273 ಎಂಬ ಕ್ವೇಸಾರಿನಲ್ಲಿ, ಅಂದರೆ ಅತಿ ಪ್ರಖರವಾದ ಸಕ್ರಿಯ ಕೇಂದ್ರದಲ್ಲಿ, ಗೆರೆಯ ಕೆಂಪು ಬದಿ ಒಂದು ಕಡೆ, ನೀಲಿ ಬದಿ ಇನ್ನೊಂದು ಕಡೆ ಇರುವುದನ್ನು ತೋರಿಸಿತು. ಅನಿಲ ಸುತ್ತುತ್ತಿದೆ. ಕೇಂದ್ರದಿಂದ ಅನಿಲಕ್ಕೆ ಗ್ರಾವಿಟಿ ಅಳೆದ ದೂರ ಸುಮಾರು 0.12 ಪಾರ್ಸೆಕ್. ಬೆಳಕಿಗೆ ಅಲ್ಲಿಗೆ ಹೋಗಲು ಸುಮಾರು ಐದು ತಿಂಗಳು ಬೇಕು. ಮರುವರ್ಷ ಅದೇ ಕ್ವೇಸಾರಿನ ಮಾರ್ದನಿ ಮಾಪನ ಕೊಟ್ಟ ವಿಳಂಬ ಸುಮಾರು 147 ದಿನ. ಕೋನ ಅಳೆಯುವ ವಿಧಾನ, ಕಾಲ ಅಳೆಯುವ ವಿಧಾನ, ಒಂದಕ್ಕೊಂದು ಸಂಬಂಧವಿಲ್ಲದ ಎರಡೂ ತಾಳೆಯಾದವು.

ಈಗ ಬೆಂಗಳೂರಿಗೆ ಬರೋಣ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿದ್ದ ಸುವೇಂದು ರಕ್ಷಿತ್, ಸಿ. ಎಸ್. ಸ್ಟಾಲಿನ್ ಮತ್ತು ಸಂಗಡಿಗರು ಸ್ಲೋನ್ ಆಕಾಶ ಸಮೀಕ್ಷೆಯ ರೋಹಿತಗಳನ್ನು ಜಾಲಾಡಿ, 2017ರಲ್ಲಿ 11,101 ಕಿರಿಗೆರೆ ಸೇಫರ್ಟ್‌ಗಳ ಪಟ್ಟಿಯನ್ನು ಪ್ರಕಟಿಸಿದರು. ಅದುವರೆಗೆ ಗೊತ್ತಿದ್ದದ್ದಕ್ಕೆ ಇದು ಐದು ಪಟ್ಟು. ಜಗತ್ತಿನಲ್ಲಿ ಈ ವಿಷಯಕ್ಕೆ ಕೈ ಹಾಕುವವರು ಇಂದಿಗೂ ಮೊದಲು ತೆರೆಯುವ ಪಟ್ಟಿಗಳಲ್ಲಿ ಅದೊಂದು. ಈ ಗುಂಪಿನ ಕಪ್ಪುಕುಳಿಗಳ ಸರಾಸರಿ ತೂಕ ಸುಮಾರು 80 ಲಕ್ಷ ಸೂರ್ಯರಷ್ಟು, ಅಗಲ ಗೆರೆಯ ಗೆಲಾಕ್ಸಿಗಳಲ್ಲಿ ಸುಮಾರು 10 ಕೋಟಿ ಎಂದು ಅವರು ಕಂಡರು. ಸಣ್ಣ ಕಪ್ಪುಕುಳಿಗಳು ತಮ್ಮ ತೂಕಕ್ಕೆ ಸಾಧ್ಯವಿರುವ ಗರಿಷ್ಠ ಬೆಳಕಿನ ಹತ್ತಿರಕ್ಕೆ, ಅಂದರೆ ಎಡಿಂಗ್ಟನ್ ಮಿತಿಯ ಹತ್ತಿರಕ್ಕೆ ಉರಿಯುತ್ತಿವೆ, ದೊಡ್ಡವು ಅದರ ಹತ್ತರಲ್ಲೊಂದು ಪಾಲಿನಷ್ಟು ಎಂಬುದೂ ಅಲ್ಲಿಂದ ತಿಳಿಯಿತು.

ಚುರುಕಾದ ವಿದ್ಯಾರ್ಥಿ ಇಲ್ಲಿ ಕೈ ಎತ್ತಬೇಕು. ಗೆರೆ ಕಿರಿದಾಗಿರುವುದನ್ನೇ ಆರಿಸಿಕೊಂಡು, ಆ ಅಗಲದಿಂದಲೇ ತೂಕ ಲೆಕ್ಕ ಹಾಕಿದರೆ ತೂಕ ಕಡಿಮೆ ಬರದೆ ಇನ್ನೇನಾಗುತ್ತದೆ? ಹನ್ನೊಂದು ಸಾವಿರ ಗೆಲಾಕ್ಸಿಗಳನ್ನೂ ಒಂದೊಂದಾಗಿ ತಿಂಗಳುಗಟ್ಟಲೆ ಕಾಯ್ದು ವಿಳಂಬ ಅಳೆದಿಲ್ಲ. ಒಂದೇ ರೋಹಿತದ ಪ್ರಕಾಶದಿಂದ ದೂರವನ್ನು ಅಂದಾಜು ಮಾಡಲಾಗಿದೆ. ಆಕ್ಷೇಪ ನ್ಯಾಯವಾದದ್ದು. ಪಟ್ಟಿಯೊಳಗಿನ ಅಂಕಿಗಳಿಂದ ಇದಕ್ಕೆ ಉತ್ತರ ಸಿಗದು, ಗೆರೆಯ ಅಗಲವನ್ನು ಮುಟ್ಟದ ಬೇರೊಂದು ಸಾಕ್ಷಿ ಬೇಕು. ಅದು ಎಕ್ಸ್-ಕಿರಣಗಳಲ್ಲಿದೆ. ಹತ್ತು ಕೋಟಿ ಸೂರ್ಯರ ಕಪ್ಪುಕುಳಿಯ ಅಂಚು ನಡುವಿನಿಂದ 30 ಕೋಟಿ ಕಿಲೋಮೀಟರ್ ಆಚೆ. ಬೆಳಕಿಗೆ ಅದನ್ನು ದಾಟಲು ಸುಮಾರು ಸಾವಿರ ಸೆಕೆಂಡು ಬೇಕು. ಹತ್ತು ಲಕ್ಷ ಸೂರ್ಯರದಾದರೆ ಹತ್ತೇ ಸೆಕೆಂಡು. ಆದ್ದರಿಂದ ಕಪ್ಪುಕುಳಿ ಸಣ್ಣದಾದಷ್ಟೂ ಅದರ ಪಕ್ಕದ ಎಕ್ಸ್-ಕಿರಣ ಬೇಗ ಬೇಗ ಏರಿಳಿಯಬಲ್ಲದು. ರೋಸಾಟ್ ಉಪಗ್ರಹದ ಅವಲೋಕನಗಳನ್ನು ಕಲೆಹಾಕಿದ ಬೊಲ್ಲರ್, ಬ್ರಾಂಡ್ಟ್, ಫಿಂಕ್ ಅವರ 1996ರ ಅಧ್ಯಯನ, ಕಿರಿಗೆರೆ ಸೇಫರ್ಟ್‌ಗಳ ಎಕ್ಸ್-ಕಿರಣ ಅಸಾಧಾರಣ ಚುರುಕಿನಿಂದ ಏರಿಳಿಯುವುದನ್ನು ಎತ್ತಿ ತೋರಿಸಿತು. ಐರಾಸ್ 13224-3809 ಎಂಬ ಇಂಥದೇ ಗೆಲಾಕ್ಸಿಯನ್ನು ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕ ದೀರ್ಘಕಾಲ ದಿಟ್ಟಿಸಿತು. ಅಲ್ಲಿನ ಎಕ್ಸ್-ಕಿರಣದ ಮಾರ್ದನಿಯಿಂದ 2020ರಲ್ಲಿ ಸಿಕ್ಕ ತೂಕ ಸುಮಾರು 20 ಲಕ್ಷ ಸೂರ್ಯರದು. ಹೈಡ್ರೋಜನ್ ಗೆರೆಯ ಅಗಲಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಆದರೂ ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮ. ಅನಿಲ ಚಪ್ಪಟೆ ತಟ್ಟೆಯಾಗಿ ಸುತ್ತುತ್ತಿದ್ದು, ನಾವು ಅದನ್ನು ನೇರ ಮೇಲಿನಿಂದ ನೋಡುತ್ತಿದ್ದರೆ, ಅನಿಲ ನಮ್ಮತ್ತ ಬರುವುದೂ ಇಲ್ಲ, ದೂರ ಹೋಗುವುದೂ ಇಲ್ಲ. ಆಗ ಕಪ್ಪುಕುಳಿ ದೊಡ್ಡದಿದ್ದರೂ ಗೆರೆ ಕಿರಿದಾಗಿಯೇ ಕಾಣುತ್ತದೆ. ಎಷ್ಟು ಗೆಲಾಕ್ಸಿಗಳು ಹೀಗೆ ನಮ್ಮತ್ತ ಮುಖ ಮಾಡಿರಬಹುದು ಎಂಬ ಎಣಿಕೆಯಿಂದಷ್ಟೇ ಇದನ್ನು ತಳ್ಳಿಹಾಕಲಾಗದು ಎಂದು ನಾನು ಒಪ್ಪುತ್ತೇನೆ. ಆದರೆ ಈ ಗುಂಪಿಗೆ ಬೇರೆ ಗುರುತುಗಳೂ ಇವೆ. ಒಂದು, ಕಬ್ಬಿಣ. ಸಂಡೂರಿನ ಅದಿರಿನಲ್ಲಿರುವ ಅದೇ ಧಾತು, ಒಂದು ಎಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿ, ಸಾವಿರಾರು ಗೆರೆಗಳನ್ನು ಸೂಸುತ್ತದೆ. ಅವು ಒಂದರ ಮೇಲೊಂದು ಬಿದ್ದು ಹೈಡ್ರೋಜನ್ ಬೀಟಾ ಗೆರೆಯ ಎರಡೂ ಮಗ್ಗುಲಲ್ಲಿ ದಿಬ್ಬಗಳಂತೆ ಎದ್ದು ನಿಲ್ಲುತ್ತವೆ. ಕಿರಿಗೆರೆ ಸೇಫರ್ಟ್‌ಗಳಲ್ಲಿ ಈ ದಿಬ್ಬಗಳು ಬಲು ಎತ್ತರ. ಜೊತೆಗೆ, ಕೇಂದ್ರದಿಂದ ಬಹಳ ಆಚೆ ಹಬ್ಬಿರುವ ತೆಳು ಅನಿಲದ ಆಮ್ಲಜನಕದ ಗೆರೆಗಳು ಇವುಗಳಲ್ಲಿ ಕ್ಷೀಣ. ಬೊರೊಸನ್ ಮತ್ತು ಗ್ರೀನ್ 1992ರಲ್ಲಿ 87 ಕ್ವೇಸಾರುಗಳಲ್ಲಿ ಈ ಎರಡೂ ಕೂಡಿಕೊಂಡೇ ಬರುವುದನ್ನು ತೋರಿಸಿದರು. ಆಚೆಯ ತೆಳು ಅನಿಲ ಎಲ್ಲ ದಿಕ್ಕಿನಿಂದಲೂ ಬಹುತೇಕ ಒಂದೇ ತೆರನಾಗಿ ಕಾಣುವಂಥದ್ದು. ನೋಡುವ ಕೋನ ಬದಲಾದ ಮಾತ್ರಕ್ಕೆ ಅದು ಮಂಕಾಗಲು ಕಾರಣವಿಲ್ಲ. ಕಪ್ಪುಕುಳಿ ತನ್ನ ತೂಕಕ್ಕೆ ಮೀರಿದ ಹಸಿವಿನಿಂದ ಅನಿಲ ನುಂಗುತ್ತಿದೆ ಎಂದುಕೊಂಡರೆ ಕಬ್ಬಿಣ, ಆಮ್ಲಜನಕ, ಎಕ್ಸ್-ಕಿರಣ ಮೂರಕ್ಕೂ ಒಂದೇ ವಿವರಣೆ ಸಾಕಾಗುತ್ತದೆ. ಕೋನದ ವಾದಕ್ಕೆ ಪ್ರತಿಯೊಂದಕ್ಕೂ ಬೇರೆ ಬೇರೆ ನೆಪ ಬೇಕು.

ಆದರೂ ಕೋನದ ವಾದ ಗೆಲ್ಲುವ ಒಂದು ಮೂಲೆ ಇದೆ. 2009ರಲ್ಲಿ ಫರ್ಮಿ ಉಪಗ್ರಹ ಪಿಎಂಎನ್ ಜೆ0948+0022 ಎಂಬ ಕಿರಿಗೆರೆ ಸೇಫರ್ಟ್‌ನಿಂದ ಗ್ಯಾಮಾ ಕಿರಣಗಳನ್ನು ಪತ್ತೆಮಾಡಿತು. ಗ್ಯಾಮಾ ಕಿರಣ ಇಷ್ಟು ಪ್ರಖರವಾಗಿ ಕಾಣಬೇಕಾದರೆ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಚಿಲುಮೆ ನಮ್ಮತ್ತಲೇ ಗುರಿಯಿಟ್ಟಿರಬೇಕು, ಅಂದರೆ ತಟ್ಟೆಯನ್ನು ನಾವು ಮೇಲಿನಿಂದಲೇ ನೋಡುತ್ತಿದ್ದೇವೆ. ಇದೇ ಜಾತಿಯ ಪಿಕೆಎಸ್ 2004-447ರಲ್ಲಿ ಬೇರೆ ಕೋನದಿಂದ ಚದುರಿ ಬರುವ ಧ್ರುವೀಕೃತ ಬೆಳಕನ್ನು ಬೇರ್ಪಡಿಸಿ ನೋಡಿದಾಗ ಗೆರೆಯ ನಿಜವಾದ ಅಗಲ ಹಲವು ಪಟ್ಟು ಹೆಚ್ಚಿತ್ತು, ಕಪ್ಪುಕುಳಿಯ ತೂಕ ಹತ್ತಾರು ಕೋಟಿ ಸೂರ್ಯರಿಗೆ ಏರಿತು. ಇದನ್ನು ನಾನು ಹಾಗೆಯೇ ಸ್ವೀಕರಿಸುತ್ತೇನೆ. ಆದರೆ ಇಂಥ ಚಿಲುಮೆ ರೇಡಿಯೋ ಅಲೆಗಳನ್ನು ಸೂಸುತ್ತದೆ, ಬೆಂಗಳೂರಿನ ಪಟ್ಟಿಯಲ್ಲಿ ರೇಡಿಯೋ ಸಮೀಕ್ಷೆಗೆ ಕಾಣಿಸಿದವೇ ನೂರಕ್ಕೆ ಸುಮಾರು ಐದು. ನಮ್ಮತ್ತ ತಿರುಗಿದ ಚಿಲುಮೆ ಉಳ್ಳವು ಅವುಗಳಲ್ಲೂ ಒಂದು ಸಣ್ಣ ಪಾಲು. ಆ ಕೆಲವನ್ನು ಹಿಡಿದು ಉಳಿದ ಸಾವಿರಾರಕ್ಕೂ ಅದೇ ತೀರ್ಪು ಕೊಡುವುದು ನ್ಯಾಯವಲ್ಲ. ಎಡಿಂಗ್ಟನ್ ಮಿತಿಯ ಬಳಿ ಬೆಳಕಿನ ಒತ್ತಡವೇ ಅನಿಲವನ್ನು ಹೊರಕ್ಕೆ ನೂಕಿ ಗುರುತ್ವವನ್ನು ಕಡಿಮೆ ಮಾಡಿ ತೋರಿಸುತ್ತದೆ ಎಂಬ ಮಾತೂ ಇದೆ. ಅದರಿಂದ ತೂಕ ಕೆಲವು ಪಟ್ಟು ಏರೀತು. ಆದರೂ ಗುಂಪು ಗುಂಪಾಗಿ ಎಂ 87ರ ಸಾಲಿಗೆ ಹೋಗಿ ನಿಲ್ಲುವುದಿಲ್ಲ.

ನಿಜವಾದ ತೊಡಕು ಇರುವುದು ಒಂಟಿ ಗೆಲಾಕ್ಸಿಯ ಅಂಕಿಯಲ್ಲಿ. ಮತ್ತೆ ಎನ್‌ಜಿಸಿ 4395ನ್ನೇ ನೋಡಿ. 2005ರಲ್ಲಿ ಹಬಲ್ ದೂರದರ್ಶಕದಿಂದ ಕಾರ್ಬನ್ ಗೆರೆಯ ವಿಳಂಬ ಅಳೆದವರಿಗೆ ಸಿಕ್ಕದ್ದು ಸುಮಾರು 3.6 ಲಕ್ಷ ಸೂರ್ಯರ ತೂಕ. 2015ರಲ್ಲಿ ಇನ್ನೂ ಆಚೆಯ ಅನಿಲದ ಚಲನೆಯಿಂದ ಸಿಕ್ಕದ್ದು ಸುಮಾರು 4 ಲಕ್ಷ. 2019ರಲ್ಲಿ ಹೈಡ್ರೋಜನ್ ಆಲ್ಫಾ ಗೆರೆಯ 83 ನಿಮಿಷದ ವಿಳಂಬದಿಂದ ಸಿಕ್ಕದ್ದು ಸುಮಾರು 10,000. ದೇವಸ್ಥಳದ 22,000 ಇದರ ಪಕ್ಕಕ್ಕೆ ಬಂದು ಕೂತಿದೆ. ವಿಳಂಬಗಳೆಲ್ಲ ಒಂದೆರಡು ಗಂಟೆಯೊಳಗೇ ಇವೆ, ಅಲ್ಲಿ ದೊಡ್ಡ ಜಗಳವಿಲ್ಲ. ವ್ಯತ್ಯಾಸ ಹುಟ್ಟುವುದು ವೇಗದಿಂದ. ಕಾರ್ಬನ್ ಗೆರೆ ಹೈಡ್ರೋಜನ್ ಗೆರೆಗಿಂತ ಹಲವು ಪಟ್ಟು ಅಗಲ, ಸೂತ್ರದಲ್ಲಿ ವೇಗ ಬರುವುದು ವರ್ಗವಾಗಿ. ಮೇಲಾಗಿ ಹೈಡ್ರೋಜನ್ ಗೆರೆಯ ನೆತ್ತಿಯ ಮೇಲೆ ಆಚೆಯ ಅನಿಲದ ಚೂಪು ಗೆರೆ ಕೂತಿರುವುದರಿಂದ, ಎರಡನ್ನೂ ಬಿಡಿಸುವಾಗ ಕೈ ಸ್ವಲ್ಪ ಜಾರಿದರೂ ಅಗಲ ಬದಲಾಗುತ್ತದೆ. ಕೆಪ್ಲರನ ನಿಯಮ ಇಲ್ಲೂ ಸರಿಯಾದರೆ, ಸಮೀಪದ ವಿಳಂಬ ಉಳ್ಳ ಎರಡು ಗೆರೆಗಳ ವೇಗ ಇಷ್ಟು ಬೇರೆಯಾಗಿರಬಾರದು. ಯಾವುದೋ ಒಂದು ಗೆರೆ ನಮಗೆ ಪೂರ್ತಿ ಕಥೆ ಹೇಳುತ್ತಿಲ್ಲ.

ಇದನ್ನು ಕೇಳಿ, ಅನಿಲದ ಸಾಕ್ಷಿಯೇ ಸುಳ್ಳು ಎಂದು ಕೈ ತೊಳೆದುಕೊಳ್ಳುವವರಿಗೆ ನಿಮ್ಮದೇ ಪಕ್ಕದ ಮಸ್ಕಿಯನ್ನು ತೋರಿಸಬೇಕು. ಅಂದು ಗೊತ್ತಿದ್ದ ಉತ್ತರ ಭಾರತದ ಬಂಡೆ, ಕಂಬಗಳ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಇತ್ತು, ದೊರೆಯ ಹೆಸರಿರಲಿಲ್ಲ. ಅದನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಮೊದಲು ಅದು ಸಿಂಹಳದ ದೊರೆಯೊಬ್ಬನದೆಂದು ತಿಳಿದರು. 1837ರಲ್ಲಿ ಸಿಂಹಳದ ವಂಶಚರಿತ್ರೆಯೊಂದರ ಆಧಾರ ಸಿಕ್ಕ ಮೇಲೆ ಅದು ಮೌರ್ಯ ಅಶೋಕ ಎಂಬ ತೀರ್ಮಾನಕ್ಕೆ ಬಂದರು. ಆ ತೀರ್ಮಾನ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಪರೋಕ್ಷ ಸಾಕ್ಷ್ಯದ ಮೇಲೆಯೇ ನಿಂತಿತ್ತು. 1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಾಗ ಅದು ಗಟ್ಟಿಯಾಯಿತು. ಮೊದಲ ಊಹೆ ತಪ್ಪಾಗಿತ್ತು ಎಂದು ಯಾರೂ ಶಾಸನಗಳನ್ನೇ ಬಿಸಾಡಲಿಲ್ಲ. ಸ್ವತಂತ್ರವಾದ ಇನ್ನೊಂದು ಆಧಾರಕ್ಕಾಗಿ ಹುಡುಕಿದರು. ಎನ್‌ಜಿಸಿ 4395ರ ವಿಷಯದಲ್ಲಿ ನಾವು ಇನ್ನೂ 1837ರಲ್ಲಿದ್ದೇವೆ.

ಆ ಸ್ವತಂತ್ರ ಆಧಾರ ಎಲ್ಲಿಂದ ಬಂದೀತು ಎಂಬುದಕ್ಕೂ ಕನ್ನಡ ನಾಡಿಗೂ ನೇರ ನಂಟಿದೆ. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ 1970ರಲ್ಲಿ, ಕಲಕಿದ ಕಪ್ಪುಕುಳಿ ತನ್ನದೇ ಆದ ಸ್ವರದಲ್ಲಿ ಕಂಪಿಸಿ ತಣ್ಣಗಾಗುತ್ತದೆ ಎಂದು ಗಣಿತದಿಂದ ತೋರಿಸಿದರು. ಆ ಸ್ವರವನ್ನು ನಿರ್ಧರಿಸುವುದು ಕಪ್ಪುಕುಳಿಯ ತೂಕ ಮತ್ತು ತಿರುಗುವಿಕೆ, ಸುತ್ತಲಿನ ಅನಿಲವಲ್ಲ. 2015ರ ಸೆಪ್ಟೆಂಬರ್ 14ರಂದು ಲೈಗೊ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ ಕೊನೆಯಲ್ಲಿ ಕಂಡ ಕಂಪನ ಅದಕ್ಕೆ ಹೊಂದಿಕೊಂಡಿತು. 2017ರ ಜನವರಿಯಲ್ಲಿ ತೀರಿಕೊಂಡ ವಿಶ್ವೇಶ್ವರ ಅದನ್ನು ನೋಡಿಯೇ ಹೋದರು. ಲೈಗೊ ಕೇಳುವುದು ಹತ್ತಾರು, ನೂರಾರು ಸೂರ್ಯರ ತೂಕದ ಕಪ್ಪುಕುಳಿಗಳನ್ನು. ಹತ್ತು ಸಾವಿರದಿಂದ ಹತ್ತಾರು ಲಕ್ಷದವರೆಗಿನವುಗಳ ಸ್ವರ ಕೇಳಲು ಬಾಹ್ಯಾಕಾಶದಲ್ಲೇ ಉಪಕರಣ ಬೇಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಒಪ್ಪಿಗೆ ಕೊಟ್ಟ ಲೀಸಾ ಯೋಜನೆ ಅದಕ್ಕಾಗಿ. ಅದು ಹಾರುವುದು 2030ರ ದಶಕದ ನಡುವಿನಲ್ಲಿ.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ವಿಳಂಬ ಅಳೆಯಲು ದೈತ್ಯ ದೂರದರ್ಶಕಕ್ಕಿಂತ ಬಿಡುವಿಲ್ಲದೆ ಒಂದೇ ಗೆಲಾಕ್ಸಿಯನ್ನು ಕಾಯುವ ತಾಳ್ಮೆ ಮುಖ್ಯ. 2011ರಲ್ಲಿ ಎಚ್ 0507+164 ಎಂಬ ಸೇಫರ್ಟ್‌ನ ವಿಳಂಬ ಸುಮಾರು ಮೂರು ದಿನ, ಕಪ್ಪುಕುಳಿ ಸುಮಾರು ಒಂದು ಕೋಟಿ ಸೂರ್ಯರಷ್ಟು ಎಂದು ಭಾರತೀಯ ಖಭೌತ ಸಂಸ್ಥೆಯ ತಂಡ ಕಂಡುಕೊಂಡದ್ದು 2 ಮೀಟರ್ ವರ್ಗದ ದೂರದರ್ಶಕಗಳಿಂದಲೇ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದಿಂದ ನಡೆಸುವುದು ನಮ್ಮ ಹೊಸಕೋಟೆಯಿಂದ. ಸಣ್ಣ ಕಪ್ಪುಕುಳಿಯ ವಿಳಂಬ ಗಂಟೆಗಳಲ್ಲಿ, ದಿನಗಳಲ್ಲಿ ಮುಗಿಯುವುದರಿಂದ ಇದು ನಮ್ಮ ಅಳವಿನ ಕೆಲಸ. ದೊಡ್ಡ ಕ್ವೇಸಾರಿಗೆ ವರ್ಷಗಳು ಬೇಕು. ಇಂಥ ದೂರದರ್ಶಕಗಳ ರಾತ್ರಿಗಳನ್ನು ಹಂಚುವ ಸಮಿತಿಗಳು ಹತ್ತು ಜನರಿಗೆ ಒಂದೊಂದು ರಾತ್ರಿ ಕೊಡುವ ಬದಲು, ಒಂದೇ ಗೆಲಾಕ್ಸಿಗೆ ಸಾಲು ರಾತ್ರಿಗಳನ್ನು ಮೀಸಲಿಡಬೇಕು ಎಂಬುದು ನನ್ನ ಕಳಕಳಿಯ ಒತ್ತಾಯ.

ಈ ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಸ್ಲೋನ್ ಸಮೀಕ್ಷೆಯ ರೋಹಿತಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿವೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಒಂದೇ ಹೊತ್ತಿಗೆ ನೇರಳಾತೀತ ಮತ್ತು ಎಕ್ಸ್-ಕಿರಣಗಳಲ್ಲಿ ನೋಡಿದ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳಿನ ಕೇಂದ್ರದಲ್ಲಿ ಎಲ್ಲರಿಗೂ ಸಿಗುತ್ತದೆ. ಬೇಕಾದದ್ದು ಒಂದು ಕಂಪ್ಯೂಟರ್, ಇಂಟರ್‌ನೆಟ್, ಪದವಿ ಮಟ್ಟದ ಭೌತಶಾಸ್ತ್ರ ಮತ್ತು ಬಿಡದ ಹಟ. ಎನ್‌ಜಿಸಿ 4395ರ ಕಪ್ಪುಕುಳಿ ಹತ್ತು ಸಾವಿರ ಸೂರ್ಯರಷ್ಟೋ ನಾಲ್ಕು ಲಕ್ಷದಷ್ಟೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ನೀವು ಕೈಗೆತ್ತಿಕೊಳ್ಳಿ.